ಐದು ವರ್ಷದ ಪೂಜೆ, ಆರು ವಾರದ ಪ್ರವಾಸ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಮಗ ಅಮೆರಿಕದಲ್ಲಿದ್ದಾನೆ ಎಂದರೆ ಎದುರಿಗಿದ್ದವರು ಮರುಪ್ರಶ್ನೆ ಹಾಕುತ್ತಾರೆ: ಕಂಪ್ಯೂಟರೋ, ದೇವಸ್ಥಾನವೋ? ದೇವಸ್ಥಾನ ಎಂದರೆ ಇನ್ನೊಂದು ಪ್ರಶ್ನೆ ಬಾಕಿ ಇರುತ್ತದೆ: ಐದು ವರ್ಷ ಆತಾ?

ಈ ಐದು ವರ್ಷದ ಲೆಕ್ಕ ಊರಿನದಲ್ಲ, ಅಮೆರಿಕದ ವಲಸೆ ಕಾನೂನಿನದು. ಧಾರ್ಮಿಕ ಸೇವೆಗೆಂದು ಹೋಗುವವರಿಗೆ ಅಲ್ಲಿ ಆರ್-1 ಎಂಬ ವೀಸಾ ಇದೆ. ಪಾದ್ರಿ, ಮೌಲ್ವಿ, ಧರ್ಮಪ್ರಚಾರಕ, ಅರ್ಚಕ ಎಲ್ಲರಿಗೂ ಅದೇ. ದೇವಸ್ಥಾನದ ಆಡಳಿತ ಮಂಡಳಿ ಅರ್ಜಿ ಹಾಕಬೇಕು. ಮೊದಲು 30 ತಿಂಗಳು ಸಿಗುತ್ತದೆ, ಆಮೇಲೆ ಇನ್ನೊಂದು 30 ತಿಂಗಳು. ಅಷ್ಟು ತುಂಬಿದ ಮೇಲೆ ದೇಶ ಬಿಡಬೇಕು. ಹಿಂದೆಲ್ಲ ಈ ಅವಧಿಯೊಳಗೇ ಕಾಯಂ ವಾಸದ ಹಸಿರು ಕಾರ್ಡು ಕೈಗೆ ಬರುವ ಭರವಸೆ ಇತ್ತು. 2023ರಲ್ಲಿ ಅಲ್ಲಿನ ವಿದೇಶಾಂಗ ಇಲಾಖೆ ಸರದಿಯ ಲೆಕ್ಕ ಹಾಕುವ ಕ್ರಮವನ್ನೇ ಬದಲಿಸಿದ ಮೇಲೆ ಧಾರ್ಮಿಕ ಕೆಲಸಗಾರರ ಸಾಲು ವರ್ಷಗಟ್ಟಲೆ ಹಿಂದೆ ಬಿತ್ತು. ಹೀಗಾಗಿ ಕಾರ್ಡು ಬರುವ ಮೊದಲೇ ಅವಧಿ ಮುಗಿಸಿ ಪೆಟ್ಟಿಗೆ ಕಟ್ಟುವ ಹುಡುಗರ ಸಂಖ್ಯೆ ಹೆಚ್ಚಿದೆ. ಅಪ್ಪ, ಆಯಿ ವಿಮಾನ ಹತ್ತುವ ಯೋಚನೆ ಮಾಡುವುದೂ ಇಂಥ ಕೊನೆಯ ವರ್ಷದಲ್ಲೇ. ಮಗ ಇದ್ದಾಗಲೇ ಒಮ್ಮೆ ನೋಡಿ, ಅವನ ಜೊತೆಗೇ ವಾಪಸ್ ಬಂದರಾಯಿತು ಎಂಬ ಲೆಕ್ಕ.

ಸೋಂದೆಯ ಸ್ವರ್ಣವಲ್ಲಿ ಮಠದ ಪಾಠಶಾಲೆ, ಯಲ್ಲಾಪುರ ತಾಲ್ಲೂಕು ಉಮ್ಮಚಗಿಯ ಶ್ರೀಮಾತಾ ಸಂಸ್ಕೃತ ಪಾಠಶಾಲೆ, ಘಟ್ಟ ಇಳಿದರೆ ಗೋಕರ್ಣ. ಈ ಸೀಮೆಯ ಹವ್ಯಕ ಮಾಣಿಗಳು ರುದ್ರ, ಚಮಕ, ಪ್ರಯೋಗ ಕಲಿಯುವುದು ಇಂಥಲ್ಲಿ. ಅಲ್ಲಿ ಕಲಿತದ್ದು ಅಮೆರಿಕದಲ್ಲಿ ಅರ್ಧಕ್ಕಷ್ಟೇ ಸಾಕಾಗುತ್ತದೆ. ನ್ಯೂಯಾರ್ಕಿನ ಫ್ಲಶಿಂಗ್ ಗಣಪತಿ ದೇವಸ್ಥಾನಕ್ಕೆ 1977ರ ಜುಲೈ 4ರಂದು ಕುಂಭಾಭಿಷೇಕವಾಯಿತು. ಆ ಕಾಲದಿಂದ ಅಲ್ಲಿ ಎದ್ದ ದೇವಸ್ಥಾನಗಳಲ್ಲಿ ಹೆಚ್ಚಿನವು ಒಬ್ಬನೇ ದೇವರಿಗೆ ಮೀಸಲಲ್ಲ. ಒಂದೇ ಸೂರಿನಡಿ ಗಣಪತಿ, ವೆಂಕಟೇಶ್ವರ, ಶಿವ, ಅಯ್ಯಪ್ಪ, ನವಗ್ರಹ ಎಲ್ಲರೂ ಇರುತ್ತಾರೆ. ಬರುವವರು ತೆಲುಗರು, ತಮಿಳರು, ಗುಜರಾತಿಗಳು. ಹವ್ಯಕ ಹುಡುಗ ಆರು ತಿಂಗಳಲ್ಲಿ ತೆಲುಗಿನಲ್ಲಿ ಸಂಕಲ್ಪದ ವಿವರಣೆ ಕೊಡಬೇಕು, ಗೃಹಪ್ರವೇಶಕ್ಕೆ ಕಾರು ಓಡಿಸಿಕೊಂಡು ಹೋಗಬೇಕು, ಹೋಮದ ಹೊಗೆಗೆ ಅಲಾರಾಂ ಕೂಗದಂತೆ ನೋಡಿಕೊಳ್ಳಬೇಕು.

ಇದನ್ನೆಲ್ಲ ಅವನು ಫೋನಿನಲ್ಲಿ ಹೇಳುವುದಿಲ್ಲ. ವಿಡಿಯೊ ಕರೆಯಲ್ಲಿ ಕಾಣುವುದು ಪಂಚೆ, ಶಲ್ಯ, ಹಿಂದೆ ಝಗಮಗಿಸುವ ಗರ್ಭಗುಡಿ. ಆಯಿ ಕೇಳುವುದು ಒಂದೇ ಮಾತು: ತಮಾ, ಊಟ ಆತಾ?

ಹೋಗುವುದೆಂದು ನಿಶ್ಚಯವಾದರೂ ತೋಟ ಬಿಡಬೇಕಲ್ಲ. ಅಡಿಕೆ ಬೆಳೆಗಾರನ ಪಂಚಾಂಗ ಅಮೆರಿಕದ ವೀಸಾದ ತಾರೀಖಿಗೆ ಕಾಯುವುದಿಲ್ಲ. ಮಳೆಗಾಲ ಮುಗಿದ ಮೇಲೆ ಕೊನೆಕೊಯ್ಲು ಶುರುವಾಗಿ ಚಳಿಗಾಲ ಪೂರ್ತಿ ನಡೆಯುತ್ತದೆ. ಸುಲಿಯುವುದು, ಬೇಯಿಸುವುದು, ಚಾಲಿಯಾದರೆ ತಿಂಗಳುಗಟ್ಟಲೆ ಅಂಗಳದಲ್ಲಿ ಒಣಗಿಸುವುದು. ಕೊನೆ ಇಳಿಸುವ ಕೊನೆಗೌಡ ಸಿಗುವುದೇ ಕಷ್ಟ. ಸಿಕ್ಕ ದಿನ ಯಜಮಾನ ಮನೆಯಲ್ಲಿಲ್ಲದಿದ್ದರೆ ಆಗುವುದಿಲ್ಲ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ಹೊಡೆಸಬೇಕು, ಮತ್ತೆ ತಿಂಗಳೊಪ್ಪತ್ತಿನಲ್ಲಿ ಎರಡನೇ ಸುತ್ತು. ನಡುವೆ ಬಿಡುವೆಂದು ಉಳಿಯುವುದು ಮಾರ್ಚ್‌ನಿಂದ ಮೇ ತಿಂಗಳವರೆಗೆ. ಶಿರಸಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದೂ ಈ ಹೊತ್ತಿಗೇ ಸಮೀಪ, ಅಪ್ಪೆಮಿಡಿ ಕೊಯ್ದು ಉಪ್ಪಿನಲ್ಲಿ ಹಾಕುವುದೂ ಆಗಲೇ. ಆರು ವಾರಕ್ಕಿಂತ ಹೆಚ್ಚು ಅಮೆರಿಕದಲ್ಲಿ ಕೂತರೆ ಇಲ್ಲಿ ಏನಾದರೊಂದು ಕೆಡುತ್ತದೆ. ಆರು ತಿಂಗಳು ಇರಲು ಅವಕಾಶ ಸಿಕ್ಕರೂ ಬೇಗ ಮರಳುವವರಿಗೆ ಕಾರಣ ಚಳಿಯಲ್ಲ, ತೋಟ.

ಇನ್ನು ವೀಸಾ. ಅರ್ಚಕನ ಹೆಂಡತಿ, ಮಕ್ಕಳಿಗೆ ಆರ್-2 ಸಿಗುತ್ತದೆ. ಅಪ್ಪ ಅಮ್ಮನಿಗೆ ಅದು ಅನ್ವಯಿಸದು. ಅವರು ಬಿ-2 ಪ್ರವಾಸಿ ವೀಸಾ ಕೇಳಬೇಕು. ಒಬ್ಬೊಬ್ಬರಿಗೆ ಅರ್ಜಿ ಶುಲ್ಕ 185 ಡಾಲರ್, ವೀಸಾ ಸಿಗಲಿ ಬಿಡಲಿ ಅದು ವಾಪಸ್ ಬರುವುದಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ಆಗ ವೀಸಾ ಸೇವೆ ಆರಂಭವಾಗಲಿಲ್ಲ. ಚೆನ್ನೈ, ಹೈದರಾಬಾದ್ ಅಥವಾ ಮುಂಬೈ ದಾರಿ ಹಿಡಿಯುವುದೇ ರೂಢಿ. ಪ್ರವಾಸಿಯಾಗಿ ಹೊರಟವನು ಅಲ್ಲೇ ನಿಲ್ಲಲು ಬಂದಿದ್ದಾನೆ ಎಂದೇ ಅಧಿಕಾರಿ ಎಣಿಸಬೇಕು, ಹಾಗಲ್ಲವೆಂದು ತೋರಿಸುವ ಹೊಣೆ ಅರ್ಜಿದಾರನದು. ಇದು ಅಲ್ಲಿನ ಕಾನೂನು. ಅದಕ್ಕೆ ನಮ್ಮವರು ಪಹಣಿ, ಶಿರಸಿಯ ಸಹಕಾರ ಸಂಘ ಟಿಎಸ್‌ಎಸ್‌ನಲ್ಲಿ ಅಡಿಕೆ ಹಾಕಿದ ಪಟ್ಟಿ ಎಲ್ಲ ಕಟ್ಟಿಕೊಂಡು ಹೋಗುತ್ತಾರೆ. ಕಿಟಕಿಯಾಚೆಯವರು ಹೆಚ್ಚಾಗಿ ಕಾಗದ ಮುಟ್ಟುವುದೂ ಇಲ್ಲ. ಎರಡು ಮೂರು ನಿಮಿಷದ ಮಾತಿನಲ್ಲಿ ತೀರ್ಮಾನ ಮಾಡುತ್ತಾರೆ. ಮಗ ಏನು ಮಾಡುತ್ತಾನೆ ಎಂದರೆ ಅರ್ಚಕ, ಇಂಥ ತಿಂಗಳಿಗೆ ಅವನ ಅವಧಿ ಮುಗಿಯುತ್ತದೆ, ತೋಟದ ಕೆಲಸ ಇಂಥ ತಿಂಗಳಿಗೆ ಶುರುವಾಗುತ್ತದೆ ಎಂದು ಇದ್ದದ್ದನ್ನು ಇದ್ದಂತೆ ಹೇಳುವುದು ಒಳ್ಳೆಯದು. ಕನ್ನಡದಲ್ಲೇ ಮಾತಾಡುವ ಅನುಕೂಲ ಬೇಕಿದ್ದರೆ ಯಾವ ಕೇಂದ್ರದಲ್ಲಿ ಅದು ಸಿಗುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಅಲ್ಲಿಗೆ ಹೋದ ಮೇಲಿನ ಒಂದು ಅಪಾಯವನ್ನು ಹೇಳಲೇಬೇಕು. ಈ ಅಪ್ಪಂದಿರಲ್ಲಿ ಅನೇಕರು ಸ್ವತಃ ಪುರೋಹಿತರು, ಆಯಿಯರು ನೂರು ಜನರಿಗೆ ಅಡುಗೆ ಮಾಡಬಲ್ಲವರು. ಶನಿವಾರ, ಭಾನುವಾರ ಜನ ಕಿಕ್ಕಿರಿದಾಗ ದೇವಸ್ಥಾನದವರು "ಭಟ್ರೇ, ನೀವೂ ಒಂದು ಹೋಮಕ್ಕೆ ಕೂತ್ಕೊಳ್ಳಿ" ಎನ್ನುತ್ತಾರೆ. ಅದಕ್ಕೆ ಸಂಭಾವನೆ ತೆಗೆದುಕೊಂಡರೆ ಪ್ರವಾಸಿ ವೀಸಾದ ಷರತ್ತು ಮುರಿದಂತೆ. ಅಡುಗೆಗೆ ಸಂಬಳ ಪಡೆದರೂ ಅಷ್ಟೇ. ಮಗನ ಮುಂದಿನ ಅರ್ಜಿಗೂ ಅದು ಅಡ್ಡ ಬರಬಹುದು. ನಯವಾಗಿ ತಪ್ಪಿಸಿಕೊಂಡು ಪ್ರಸಾದ ತಿಂದು ಬನ್ನಿ.

ಸುತ್ತಾಟ ಎಂದರೂ ಅರ್ಚಕನ ಮನೆಯದು ಬೇರೆ ರೀತಿ. ಊರಿಗೆಲ್ಲ ರಜೆ ಇರುವ ದಿನವೇ ಇವನಿಗೆ ಕೆಲಸ ಜಾಸ್ತಿ. ಸೋಮವಾರ ಹೊರಟು ಗುರುವಾರ ರಾತ್ರಿಯೊಳಗೆ ಮರಳಬೇಕು. ಪೂರ್ವ ತೀರದಲ್ಲಿರುವವರು ನಯಾಗರಕ್ಕೆ ಕರೆದೊಯ್ಯದೆ ಬಿಡುವುದಿಲ್ಲ, ಮತ್ತು ಸಿದ್ದಾಪುರದವರು ಅಲ್ಲಿ ನಿಂತು ಜೋಗದ ಸುದ್ದಿ ತೆಗೆಯದೆ ಬಿಡುವುದಿಲ್ಲ. ತೆಗೆಯಲಿ ಬಿಡಿ: ಜೋಗ 253 ಮೀಟರ್, ನಯಾಗರ ಎತ್ತರದಲ್ಲಿ ಅದರ ಸುಮಾರು ಐದರಲ್ಲೊಂದು ಪಾಲು. ನೀರಿನ ಮಾತು ಬಂದರೆ ಸುಮ್ಮನಾಗಬೇಕಾಗುತ್ತದೆ. ಆದರೆ ಅಲ್ಲೂ ವಿದ್ಯುತ್ತಿಗೆ ನೀರು ತಿರುಗಿಸುತ್ತಾರೆ. ಅಮೆರಿಕ, ಕೆನಡಾ 1950ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಪ್ರವಾಸಿಗರ ಕಾಲದಲ್ಲಿ ಹಗಲು ಬಿಡಬೇಕಾದ ನೀರಿನ ಅರ್ಧದಷ್ಟು ರಾತ್ರಿ ಬಿಟ್ಟರೆ ಸಾಕು. ಜೋಗದ ನೀರು ತಡೆಯುವ ಲಿಂಗನಮಕ್ಕಿ ಅಣೆಕಟ್ಟಿನ ಬಾಗಿಲು ನೋಡಿ ಬೆಳೆದವರಿಗೆ ಇದು ಸಮಾಧಾನದ ಸುದ್ದಿ. ಸೇತುವೆ ದಾಟಿದರೆ ಕೆನಡಾ, ಅದಕ್ಕೆ ಬೇರೆ ವೀಸಾ ಬೇಕು.

ಕಡಲು ದಾಟುವ ಬಗ್ಗೆ ಸಂಪ್ರದಾಯಸ್ಥರ ಆಕ್ಷೇಪ ಪೂರ್ತಿ ಹೋಗಿಲ್ಲ. ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ವಿದೇಶಕ್ಕೆ ಹೋಗಿ ಬಂದದ್ದೇ 2008ರ ಉಡುಪಿ ಪರ್ಯಾಯದ ಹೊತ್ತಿಗೆ ದೊಡ್ಡ ವಿವಾದವಾಯಿತು. 2024ರಲ್ಲಿ ಅವರೇ ಮತ್ತೆ ಪರ್ಯಾಯ ಪೀಠ ಏರಿದರು. ಯತಿಗಳ ನಿಯಮ ಬೇರೆ, ಗೃಹಸ್ಥರದು ಬೇರೆ ಎಂದು ಘಟ್ಟದ ಮೇಲಿನವರು ಯಾವತ್ತೋ ತೀರ್ಮಾನಿಸಿಕೊಂಡಾಗಿದೆ. ಈಗ ಹಿರಿಯರ ಚಿಂತೆ ಶಾಸ್ತ್ರದ್ದಲ್ಲ, ಮದುವೆಯದು. ತೋಟದ ಮಾಣಿಗೂ ವೈದಿಕದ ಮಾಣಿಗೂ ಹೆಣ್ಣು ಸಿಗದ ಈ ಕಾಲದಲ್ಲಿ ಅಮೆರಿಕ ಬಿಟ್ಟು ಬರುತ್ತಾನೆಂದರೆ ಮುಂದೇನು ಎಂಬುದು ಆರು ವಾರವೂ ಊಟದ ಹೊತ್ತಿನ ಮಾತು.

ಧರ್ಮಕಾರ್ಯಕ್ಕೆ ಸಮುದ್ರ ದಾಟಿದವರ ಕುಟುಂಬದ ಪಾಡು ನಮ್ಮ ನೆಲಕ್ಕೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಮ್ಮ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಹಡಗು ಹತ್ತಿಸಿ ಬಾಸೆಲ್‌ನ ಮಕ್ಕಳ ಮನೆಗೆ ಕಳಿಸುತ್ತಿದ್ದರು; ಮತ್ತೆ ಮುಖ ನೋಡಲು ಎಷ್ಟೋ ವರ್ಷ ಬೇಕಾಗುತ್ತಿತ್ತು. ಅವರಿಗೆ ಹೋಲಿಸಿದರೆ ಬೆಂಗಳೂರಿನ ರಾತ್ರಿ ಬಸ್ಸು, ಒಂದು ದಿನದ ವಿಮಾನ ಪ್ರಯಾಣ ದೊಡ್ಡ ಕಷ್ಟವಲ್ಲ.

ಹೋಗದೆ ಉಳಿದವರ ಕತೆಯನ್ನೂ ಈ ಊರುಗಳಲ್ಲಿ ಕೇಳುತ್ತೇವೆ. ಈ ವರ್ಷ ಬೇಡ, ಮುಂದಿನ ಕೊಯ್ಲು ಮುಗಿಯಲಿ ಎನ್ನುತ್ತ ಮಗನ ಅವಧಿಯೇ ತೀರಿರುತ್ತದೆ. ಐದು ವರ್ಷ ಅವನು ನಿಂತು ಪೂಜಿಸಿದ ಜಾಗವನ್ನು ಮನೆಯವರು ಯಾರೂ ನೋಡಿರುವುದಿಲ್ಲ. ಅಲ್ಲಿನ ದೇವಸ್ಥಾನದ ಮಂಡಳಿಗಳಲ್ಲಿ ಕನ್ನಡಿಗರೂ ಇದ್ದಾರೆ. ಕೊನೆಯ ವರ್ಷದಲ್ಲಿ ಅರ್ಚಕರಿಗೆ ಎರಡು ವಾರ ಸಂಬಳಸಹಿತ ರಜೆ, ತಂದೆತಾಯಿಗೆ ಒಂದು ಆಹ್ವಾನ ಪತ್ರ ಕೊಡುವುದು ಅವರ ಕೈಯಲ್ಲೇ ಇದೆ. ಇಲ್ಲಿರುವ ಅಪ್ಪ, ಆಯಿ ನಾಲ್ಕನೇ ವರ್ಷ ತುಂಬುವ ಮೊದಲೇ ಪಾಸ್‌ಪೋರ್ಟ್ ಮಾಡಿಸಿಟ್ಟುಕೊಳ್ಳಿ, ಸಂದರ್ಶನದ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಪ್ರಯಾಣದ ಆರೋಗ್ಯ ವಿಮೆ ಮಾಡಿಸಿ, ಹಳೆಯ ಕಾಯಿಲೆಗೆ ಅದರಲ್ಲಿ ಹಣ ಸಿಗುತ್ತದೆಯೇ ಎಂದು ಓದಿ ನೋಡಿ. ಹಪ್ಪಳ, ತೊಡೆದೇವು, ಮಿಡಿ ಉಪ್ಪಿನಕಾಯಿ ಒಯ್ದರೆ ಇಳಿದಾಗ ಕೇಳುವ ಮೊದಲೇ ಹೇಳಿಬಿಡಿ. ಕರಿಬೇವು, ಹಸಿ ಹಣ್ಣು, ಬೀಜ ಮಾತ್ರ ಮನೆಯಲ್ಲೇ ಇರಲಿ.