ಶೀತಲಗೃಹದ ಬಾಗಿಲಲ್ಲಿ ಜಾರುವ ಫೋರ್ಕ್‌ಲಿಫ್ಟ್

ಮಂಗಳೂರಿನ ಸೆಖೆಗಾಳಿಯಲ್ಲಿ ಎಷ್ಟು ನೀರಿರುತ್ತದೆ? ಉಷ್ಣತೆ 30 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ 80 ಇದ್ದರೆ ಒಂದು ಘನ ಮೀಟರಿಗೆ ಸುಮಾರು 24 ಗ್ರಾಂ. ಹೆಪ್ಪುಗಟ್ಟಿಸಿದ ಮೀನನ್ನು ಇಡುವ ಮೈನಸ್ 18 ಡಿಗ್ರಿಯ ಶೀತಲಗೃಹದ ಗಾಳಿ ಹಿಡಿದಿಟ್ಟುಕೊಳ್ಳುವುದು ಒಂದು ಗ್ರಾಂ ಚಿಲ್ಲರೆ ಮಾತ್ರ. ಬಾಗಿಲು ತೆರೆದಾಗಲೆಲ್ಲ ಒಳನುಗ್ಗುವ ಗಾಳಿ ಮಿಕ್ಕ ನೀರನ್ನು ಅಲ್ಲೇ ಬಿಟ್ಟುಕೊಡಬೇಕು. ಮೊದಲು ಮಂಜು ಕವಿಯುತ್ತದೆ, ಆಮೇಲೆ ನೆಲದ ಮೇಲೆ ಹಿಮದ ತೆಳುಪದರ ಕೂರುತ್ತದೆ. ಸರಕು ಹೊತ್ತ ಫೋರ್ಕ್‌ಲಿಫ್ಟ್ ದಿನವಿಡೀ ಓಡಾಡುವುದು ಇದೇ ಬಾಗಿಲಲ್ಲಿ.

ಗಂಟೆಗೆ 10 ಕಿ.ಮೀ. ವೇಗದ ಗಾಡಿಯನ್ನು ಊಹಿಸಿಕೊಳ್ಳಿ. ಚಕ್ರದ ಹಿಡಿತವನ್ನಷ್ಟೇ ಲೆಕ್ಕ ಹಾಕಿದರೆ, ಒಣ ಕಾಂಕ್ರೀಟಿನ ಮೇಲೆ ಬ್ರೇಕ್ ಒತ್ತಿದಾಗ ಅದು ಒಂದು ಮೀಟರಿನೊಳಗೆ ನಿಲ್ಲಬಲ್ಲದು. ಹಿಮದಿಂದಾಗಿ ಘರ್ಷಣೆ ಆರರಲ್ಲೊಂದು ಪಾಲಿಗೆ ಇಳಿದರೆ ಸುಮಾರು 4 ಮೀಟರ್ ಜಾರುತ್ತದೆ. ಆ ಅಂತರದಲ್ಲಿ ನಡೆದು ಬರುತ್ತಿರುವ ಹಮಾಲಿ ಇರಬಹುದು, ಸರಕಿನ ರ‍್ಯಾಕ್ ಇರಬಹುದು.

ಜಾರುವುದಕ್ಕಿಂತ ಮಗುಚುವುದು ಭೀಕರ. ನಾಲ್ಕು ಚಕ್ರಗಳಿದ್ದರೂ ಸಾಮಾನ್ಯ ಫೋರ್ಕ್‌ಲಿಫ್ಟಿಗೆ ಆಧಾರ ಮೂರು ಬಿಂದುಗಳು: ಮುಂದಿನ ಎರಡು ಚಕ್ರಗಳು ಮತ್ತು ಹಿಂದಿನ ಅಚ್ಚಿನ ನಡುವಿನ ಕೀಲು. ಗುರುತ್ವ ಕೇಂದ್ರ ಈ ತ್ರಿಕೋನದ ಹೊರಗೆ ಸರಿದರೆ ಗಾಡಿ ಉರುಳುತ್ತದೆ. ಭಾರವನ್ನು ಮೇಲೆತ್ತಿಕೊಂಡೇ ತಿರುವು ತೆಗೆದುಕೊಂಡಾಗ ಆಗುವುದು ಇದೇ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಹೇಳುವಂತೆ, ಅಲ್ಲಿನ ಫೋರ್ಕ್‌ಲಿಫ್ಟ್ ಸಾವುಗಳಲ್ಲಿ ಸುಮಾರು ಶೇ 25 ಮಗುಚಿದ್ದರಿಂದ ಆದವು. ಗಾಬರಿಯಲ್ಲಿ ಹೊರಜಿಗಿದವನ ಮೇಲೆ ಗಾಡಿಯ ಛಾವಣಿಯೇ ಬೀಳುತ್ತದೆ. ಹಾಗಾಗಿ ಕೂತು ಓಡಿಸುವವರಿಗೆ ಕಲಿಸುವ ಪಾಠ: ಬೆಲ್ಟ್ ಕಟ್ಟಿರಿ, ಜಿಗಿಯಬೇಡಿ, ಸ್ಟೀರಿಂಗ್ ಬಿಗಿಹಿಡಿದು ಗಾಡಿ ಬೀಳುವ ದಿಕ್ಕಿಗೆ ವಿರುದ್ಧವಾಗಿ ವಾಲಿರಿ.

ಚಳಿ ಮನುಷ್ಯನನ್ನೂ ಬಿಡುವುದಿಲ್ಲ. ಬೆರಳಿನ ಚರ್ಮ 15 ಡಿಗ್ರಿಗಿಂತ ತಣ್ಣಗಾದರೆ ಕೈಚಳಕ ಕುಗ್ಗುತ್ತದೆ. ದಪ್ಪ ಗವಸಿನಲ್ಲಿ ಲಿವರಿನ ಸ್ಪರ್ಶ ಮಂದ. ಕಿವಿ ಮುಚ್ಚುವ ಟೊಪ್ಪಿಗೆಯಲ್ಲಿ ಹಾರ್ನ್ ಕ್ಷೀಣ, ಪಕ್ಕದ ನೋಟ ಮೊಟಕು.

ಪರಿಹಾರಗಳು ಗೊತ್ತಿರುವಂಥವೇ. ಥಟ್ಟನೆ ಮುಚ್ಚುವ ಬಾಗಿಲು, ತೇವಾಂಶ ಹೀರುವ ಮುಂಗೋಣೆ, ನಡೆಯುವವರಿಗೆ ಪ್ರತ್ಯೇಕ ದಾರಿ, ಮೈ ಬೆಚ್ಚಗಾಗಲು ನಿಯಮಿತ ಬಿಡುವು. ಇವ್ಯಾವುವೂ ಚಾಲಕನ ಕೈಯಲ್ಲಿಲ್ಲ, ಮಾಲೀಕನ ಕೈಯಲ್ಲಿವೆ. ಅಪಘಾತದ ವರದಿಯಲ್ಲಿ ‘ಚಾಲಕನ ಅಜಾಗರೂಕತೆ’ ಎಂದು ಬರೆಯುವ ಮುನ್ನ, ನೆಲದ ಹಿಮವನ್ನು ಯಾರು ತೆಗೆಸಬೇಕಿತ್ತು ಎಂದು ಕೇಳಲೇಬೇಕು.