ಕೋಟೆಗೆ ಕಲ್ಲು ಹೊತ್ತವರು ಯಾರು?

ಗುಂಡ್ಲುಪೇಟೆ ಕಡೆಯಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಕಾರು, ಬೈಕುಗಳನ್ನು ಬುಡದಲ್ಲೇ ಬಿಟ್ಟು ಸರ್ಕಾರಿ ಬಸ್ಸು ಹತ್ತಬೇಕು. ಮೊನ್ನೆ ಮಂಜು ಎಷ್ಟಿತ್ತೆಂದರೆ ಮುಂದಿನ ತಿರುವೂ ಕಾಣುತ್ತಿರಲಿಲ್ಲ. ಈ ಬೆಟ್ಟಕ್ಕೆ ಬೆಟ್ಟದಕೋಟೆ ಎಂಬ ಹಳೆಯ ಹೆಸರೂ ಇದೆ ಎಂದು ಮಗನಿಗೆ ಹೇಳಿದೆ. ಇಲ್ಲಿ ಹೊಯ್ಸಳರ ಕಾಲದಲ್ಲಿ, 1315ರಲ್ಲಿ, ದೇವಸ್ಥಾನ ಕಟ್ಟಿಸಿದವನು ಮಾಧವ ದಣ್ಣಾಯಕ. ಒಂದು ಕಡೆ ನೀಲಗಿರಿ, ಇನ್ನೊಂದು ಕಡೆ ವಯನಾಡು. ಗಡಿ ಕಾಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

"ದಣ್ಣಾಯಕ ಕಟ್ಟಿಸಿದ, ಸರಿ. ಕಲ್ಲು ಹೊತ್ತೋರು ಯಾರಮ್ಮ?" ಎಂದ.

ಶಾಸನಗಳಲ್ಲಿ ಕಟ್ಟಿಸಿದವರ ಹೆಸರಿರುತ್ತದೆ, ಹೊತ್ತವರದು ಇರುವುದಿಲ್ಲ. ಆದರೆ ಆ ಕಾಲದ ಶಾಸನಗಳ ತೆರಿಗೆಗಳ ಸಾಲಿನಲ್ಲಿ 'ಬಿಟ್ಟಿ' ಎಂಬ ಮಾತು ಸಿಗುತ್ತದೆ. ಸಂಸ್ಕೃತದ ವಿಷ್ಟಿಯೇ ನಮ್ಮ ಬಿಟ್ಟಿ. ಒಕ್ಕಲುಮಕ್ಕಳು ಕೂಲಿಯಿಲ್ಲದೆ ಮಾಡಿಕೊಡಬೇಕಾಗಿದ್ದ ಕೆಲಸ ಅದು. ಈಗ ನಾವು "ಬಿಟ್ಟಿ ಸಿಕ್ತು" ಎಂದು ಹಿಗ್ಗುತ್ತೇವೆ. ಆಗ ಬಿಟ್ಟಿ ಸಿಗುತ್ತಿದ್ದುದು ದೊರೆಗೆ!

ಮುಂದೆ ಮೈಸೂರು ಒಡೆಯರ ಕಾಲಕ್ಕೆ ಕಂದಾಚಾರದವರು ಬಂದರು. ಊರಲ್ಲೇ ಇದ್ದು ಹೊಲ ಉಳುತ್ತಿದ್ದ ಇವರು, ಕರೆ ಬಂದರೆ ನೇಗಿಲು ಬಿಟ್ಟು ಕೋಟೆ ಕಾಯಲು ಹೊರಡಬೇಕಿತ್ತು.

ಭೂಮಿಗೂ ಗಡಿಕಾವಲಿಗೂ ಹಾಕಿದ ಗಂಟು ಹೇಗಿತ್ತೆಂದು ಸರಿಯಾಗಿ ನೋಡಬೇಕಾದರೆ ಪಕ್ಕದ ಕೊಡಗಿಗೆ ಹೋಗಬೇಕು. ಅಲ್ಲಿ ರಾಜರು ಕೊಟ್ಟ ಜಮ್ಮಾ ಭೂಮಿಗೆ ಕಂದಾಯ ಅರ್ಧ. ಬೇರೆಯವರು 10 ರೂಪಾಯಿ ಕಟ್ಟಿದರೆ ಜಮ್ಮಾದವರು 5 ಕಟ್ಟಿದರೆ ಸಾಕು. ಉಳಿದರ್ಧ ಮೈಮುರಿದು ತೀರಿಸಬೇಕು. ಸರದಿಯಂತೆ ಉಕ್ಕಡದಲ್ಲಿ, ಅಂದರೆ ಕಾವಲುಠಾಣೆಯಲ್ಲಿ, ಪಹರೆ. ಯುದ್ಧವಾದರೆ ಆಯುಧ ಹಿಡಿದು ಹಾಜರಿ. ಆ ಭೂಮಿಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ಬೆಟ್ಟಗಳ ಉದ್ದಕ್ಕೂ ಆಳವಾದ ಕಂದಕ ತೋಡಿ, ಮಣ್ಣನ್ನು ಏರಿಯಾಗಿ ಒಟ್ಟಿದ 'ಕಡಂಗ'ಗಳು ಈಗಲೂ ಕಾಫಿ ತೋಟಗಳ ನಡುವೆ ಸಿಗುತ್ತವೆ. ವಿರಾಜಪೇಟೆ ಬಳಿಯ ಒಂದು ಊರಿನ ಹೆಸರೇ ಕಡಂಗ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದರೂ ಜಮ್ಮಾ ಉಳಿಯಿತು. ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇಂದಿಗೂ ವಿನಾಯಿತಿ ಇದೆ.

ಮಗ ದಾರಿಬದಿಯ ಕಲ್ಲೊಂದನ್ನು ಎತ್ತಿ ಹತ್ತು ಹೆಜ್ಜೆ ನಡೆದು ಇಳಿಸಿದ. ಆಮೇಲೆ ಬಸ್ಸಿನಲ್ಲಿ ಮತ್ತೆ ಶುರುಮಾಡಿದ.

"ಕಾವಲಿಗೆ ಹೋದಾಗ್ಲೇ ಮಳೆ ಬಂದ್ರೆ? ಬಿತ್ತೋರು ಯಾರು?"

"ಮನೇಲಿ ಉಳಿದೋರು ಕಣಪ್ಪ."

ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದ. "ಅಂದ್ರೆ ನೀನು, ನಾನು" ಎಂದ.