ತೇವಕ್ಕೆ ಅಳುಕದ ಸೂಕ್ಷ್ಮ ಗೃಹಗಳು

ಇದ್ದಿಲು ಅನಿಲಗಳನ್ನು ಹಿಡಿದಿಡುವುದೆಂಬ ಪಾಠವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಅದರಲ್ಲಿ ಕಣ್ಣಿಗೆ ಕಾಣದ ಅಸಂಖ್ಯಾತ ರಂಧ್ರಗಳುಂಟು. ಅವುಗಳ ಗೋಡೆಗಳಿಗೆ ಅನಿಲದ ಅಣುಗಳು ಅಂಟಿ ನಿಲ್ಲುವುವು. ಇದಕ್ಕೆ ಅಧಿಶೋಷಣವೆಂದು ಹೆಸರು. ಆದರೆ ಆ ರಂಧ್ರಗಳು ಒಂದೇ ಅಳತೆಯವಲ್ಲ. ನಮಗೆ ಬೇಕಾದ ಅಳತೆಯ ಕೋಣೆಗಳನ್ನು ನಾವೇ ಕಟ್ಟಬಾರದೇಕೆ? ಈ ಪ್ರಶ್ನೆಗೆ ದೊರೆತ ಉತ್ತರವೇ ಲೋಹ-ಸಾವಯವ ಚೌಕಟ್ಟು. ಇದರಲ್ಲಿ ಲೋಹದ ಗುಚ್ಛಗಳು ಮೂಲೆಗಲ್ಲುಗಳು. ಇಂಗಾಲಯುಕ್ತ ಅಣುಗಳು ತೊಲೆಗಳು.

1999ರಲ್ಲಿ ಅಮೆರಿಕದಲ್ಲಿ ಓಮರ್ ಯಾಘಿಯವರೂ ಅವರ ಸಂಗಡಿಗರೂ ಮಾಫ್-5 ಎಂಬ ಚೌಕಟ್ಟನ್ನು ಪ್ರಕಟಿಸಿದರು. ಮೂಲೆಗೆ ಸತುವು, ತೊಲೆಗೆ ಪಾಲಿಯೆಸ್ಟರ್ ನೂಲಿನ ತಯಾರಿಕೆಯಲ್ಲಿ ಬಳಸುವ ಟೆರೆಥ್ಯಾಲಿಕ್ ಆಮ್ಲ. ಇದರ ಒಂದೆರಡು ಗ್ರಾಮಿನ ಒಳಗೋಡೆಗಳನ್ನೆಲ್ಲ ಹರಡಿದರೆ ಒಂದು ಫುಟ್‌ಬಾಲ್ ಮೈದಾನದಷ್ಟಾಗುವುದು! ಆದರೇನು? ಗಾಳಿಯ ತೇವ ಒಳಹೊಕ್ಕೊಡನೆ ನೀರು ಸತುವಿನಿಂದ ತೊಲೆಗಳನ್ನು ಕಳಚಿಹಾಕುವುದು, ಮನೆ ಕುಸಿಯುವುದು.

2008ರಲ್ಲಿ ನಾರ್ವೆಯ ಆಸ್ಲೋ ವಿಶ್ವವಿದ್ಯಾನಿಲಯದವರು ಅದೇ ತೊಲೆಗಳನ್ನಿಟ್ಟುಕೊಂಡು ಮೂಲೆಗಲ್ಲನ್ನು ಮಾತ್ರ ಬದಲಾಯಿಸಿದರು. ಸತುವಿನ ಸ್ಥಾನದಲ್ಲಿ ಜಿರ್ಕೋನಿಯಮ್. ಆಮ್ಲಜನಕದೊಡನೆ ಇದರ ಬಂಧ ಬಹು ಬಿಗಿಯಾದುದು. ಒಂದೊಂದು ಗುಚ್ಛಕ್ಕೂ 12 ತೊಲೆಗಳ ಆಸರೆ. ಕೆಲವು ತೊಲೆಗಳು ಇಲ್ಲದೆ ಹೋದರೂ ಕಟ್ಟಡ ನಿಲ್ಲುವುದು. ನೀರಿನಲ್ಲಿ ಅದ್ದಿದರೂ ಕೆಡದು.

ಈ ಸ್ಥಿರತೆಯಿಲ್ಲದೆ ಪ್ರಯೋಜನವೆಲ್ಲಿಯದು? ಕಾರ್ಖಾನೆಯ ಹೊಗೆಯಲ್ಲಿ ನೀರಾವಿಯುಂಟು. ಅದರಿಂದ ಇಂಗಾಲದ ಡೈಆಕ್ಸೈಡನ್ನು ಹಿಡಿಯಬೇಕಾದ ಚೌಕಟ್ಟು ತೇವವನ್ನು ತಾಳಲೇಬೇಕು. ಇನ್ನು ಕೆಲವು ಚೌಕಟ್ಟುಗಳು ಅತಿನೇರಳೆ ಕಿರಣ ಬಿದ್ದಾಗ ಬೆಳಗುತ್ತವೆ. ನೀರಿನಲ್ಲಿ ಬೆರೆತ ಕೆಲವು ಸ್ಫೋಟಕ ದ್ರವ್ಯಗಳ ಅಥವಾ ಔಷಧಗಳ ಅಣುಗಳು ಸೋಕಿದರೆ ಆ ಬೆಳಕು ಕುಂದುವುದು. ಹೀಗೆ ದೀಪವೇ ಕಾವಲುಗಾರನಾಗುವುದು. ನೀರಿನಲ್ಲಿ ತಾನೇ ಕರಗುವ ಕಾವಲುಗಾರನನ್ನು ನಂಬುವವರಾರು?

2025ರಲ್ಲಿ ಯಾಘಿ, ಸುಸುಮು ಕಿಟಗಾವ, ರಿಚರ್ಡ್ ರಾಬ್ಸನ್ ಈ ಮೂವರಿಗೂ ಈ ಚೌಕಟ್ಟುಗಳಿಗಾಗಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಯಾಘಿಯವರು ಜೋರ್ಡಾನಿನ ಅಮ್ಮಾನಿನಲ್ಲಿ, ವಿದ್ಯುತ್ತಾಗಲಿ ನಲ್ಲಿನೀರಾಗಲಿ ಇಲ್ಲದ ನಿರಾಶ್ರಿತರ ಮನೆಯಲ್ಲಿ ಬೆಳೆದವರು. ಹತ್ತರ ಪ್ರಾಯದಲ್ಲಿ, ಸಾಮಾನ್ಯವಾಗಿ ಬೀಗ ಹಾಕಿರುತ್ತಿದ್ದ ಶಾಲೆಯ ಪುಸ್ತಕಾಲಯದೊಳಗೆ ನುಸುಳಿ, ಅಣುಗಳ ಚಿತ್ರಗಳನ್ನು ಕಂಡು ಬೆರಗಾದರಂತೆ.

ಪೋಷಕರಲ್ಲಿ ನನ್ನ ಅರಿಕೆ ಇಷ್ಟೆ: ನಿಮ್ಮ ಹೆಣ್ಣುಮಕ್ಕಳು ತಮಗಿನ್ನೂ ಅರ್ಥವಾಗದ ಪುಸ್ತಕವನ್ನು ತೆರೆದು ಕುಳಿತರೆ, ದಯವಿಟ್ಟು ಅದನ್ನು ಕಸಿದುಕೊಳ್ಳಬೇಡಿರಿ.